ಓರಗಿತ್ತಿಯ ಸೈಕಲ್ಲು

ಚಿಕ್ಕಬಳ್ಳಾಪುರದಿಂದ ಕಳವಾರದ ಕಡೆಗೆ ಹೋಗುವಾಗ ಸಿಗುವ ಕೆರೆಗೆ ಸುತ್ತಲೂ ದಾರಿ ಮಾಡಿದರಲ್ಲ, ಅದರಿಂದ ಊರಿನಲ್ಲಿ ಎಷ್ಟು ಜನರ ಸಕ್ಕರೆ ಇಳಿಯಿತೋ, ಎಷ್ಟು ಜನರ ಹೊಟ್ಟೆ ಕರಗಿತೋ ದೇವರಿಗೇ ಗೊತ್ತು. ವರಲಕ್ಷ್ಮಮ್ಮನ ನೆಮ್ಮದಿ ಮಾತ್ರ ಅದೇ ದಾರಿಯಲ್ಲಿ ಹಾಳಾಯಿತು.

ದಾರಿಯೇನೋ ಚೆನ್ನಾಗಿದೆ. ನೀರಿನ ಮಗ್ಗುಲಿಗೆ ನಡೆಯುವವರಿಗಾಗಿ ಇಟ್ಟಿಗೆ ಬಣ್ಣದ ಹಾಸು, ಆಚೆ ಸೈಕಲ್ಲಿನವರಿಗಾಗಿ ನುಣ್ಣನೆಯ ಟಾರು, ನಡುವೆ ಒಂದು ಬಿಳಿ ಗೆರೆ. ಅಲ್ಲಲ್ಲಿ ಕಲ್ಲುಬೆಂಚು, ಹೊಂಗೆ ಮರ. ಬೆಳಗ್ಗೆ ಬೇಗ ಹೋದರೆ ಸ್ಕಂದಗಿರಿಯ ನೆತ್ತಿ ಮಂಜಿನೊಳಗಿರುತ್ತದೆ. ಬಿಸಿಲು ಏರಿದ ಮೇಲೆ ಬೆಟ್ಟ ಪೂರ್ತಿ ಕಾಣುತ್ತದೆ. ಆ ಹೊತ್ತಿಗೆ ನಡೆಯುವವರೆಲ್ಲ ಮನೆಗೆ ಹೋಗಿ ಇಡ್ಲಿ ತಿನ್ನುತ್ತಿರುತ್ತಾರೆ.

ಇದೆಲ್ಲ ಆಗುವ ಮೊದಲು ಅಲ್ಲಿದ್ದದ್ದು ಬರೀ ಮಣ್ಣಿನ ಏರಿ. ಆಗಿನಿಂದಲೂ ವರಲಕ್ಷ್ಮಮ್ಮ ಅಲ್ಲಿ ನಡೆಯುತ್ತಿದ್ದಳು. ಜೊತೆಗೆ ಮೈದುನನ ಹೆಂಡತಿ ಕವಿತ. ಒಂದೇ ಕಾಂಪೌಂಡಿನ ಎರಡು ಮನೆ, ಎರಡು ಅಡುಗೆ, ಒಬ್ಬಳೇ ಅತ್ತೆ. ವರಲಕ್ಷ್ಮಮ್ಮ ಮಂಚೇನಹಳ್ಳಿಯಿಂದ ಮದುವೆಯಾಗಿ ಬಂದಾಗ ಈ ಮನೆಯಲ್ಲಿ ದ್ರಾಕ್ಷಿ ತೋಟವೂ ಇತ್ತು, ರೇಷ್ಮೆ ಹುಳವೂ ಇತ್ತು, ಬಾಗಿಲಿಗೆ ಬಂದ ಆಳುಗಳಿಗೆಲ್ಲ ಮುದ್ದೆ ತೊಳಸುವ ಕೆಲಸವೂ ಇತ್ತು. ಯಾವ ಹೊಲಕ್ಕೆ ಯಾವಾಗ ನೀರು ಎಂಬುದರಿಂದ ಹಿಡಿದು ಯಾವ ಬೀಗರಿಗೆ ಯಾವ ಸೀರೆ ಎಂಬುದರವರೆಗೆ ಎಲ್ಲರೂ ಅವಳನ್ನೇ ಕೇಳುತ್ತಿದ್ದರು. ಕೇಳಿ, ಉತ್ತರ ತೆಗೆದುಕೊಂಡು ಹೋಗಿಬಿಡುತ್ತಿದ್ದರು. ನಿಂತು ಅವಳ ಮಾತು ಕೇಳಿದವರಿಲ್ಲ. ಗಂಡ ವೆಂಕಟರಾಮಪ್ಪನಂತೂ ಅವಳು ಬಾಯಿ ತೆರೆದರೆ ಟಿವಿ ಸೌಂಡು ಹೆಚ್ಚು ಮಾಡುವ ಆಸಾಮಿ.

ಕವಿತ ಹಾಗಲ್ಲ. ಏರಿಯ ಮೇಲೆ ನಡೆಯುತ್ತಾ ವರಲಕ್ಷ್ಮಮ್ಮ ಏನು ಹೇಳಿದರೂ "ಹೂಂ ಅಕ್ಕ, ಆಮೇಲೆ?" ಎನ್ನುವಳು. ತವರಿನ ಬಾವಿಕಟ್ಟೆಯ ಕಥೆ, ಹುಳ ಮನೆಗೆ ಬೆಂಕಿ ಬಿದ್ದ ಕಥೆ, ಅತ್ತೆ ಅಂದದ್ದು, ತಾನು ಮನಸ್ಸಿನಲ್ಲೇ ಅತ್ತೆಗೆ ತಿರುಗಿಸಿ ಅಂದದ್ದು, ಕೇಳಿದ್ದನ್ನೇ ಮತ್ತೆ ಕೇಳುವಾಗಲೂ "ಆಮೇಲೆ?" ಆ "ಆಮೇಲೆ"ಗೋಸ್ಕರ ವರಲಕ್ಷ್ಮಮ್ಮ ಮಂಡಿ ನೋವಿದ್ದರೂ ಎದ್ದು ಹೊರಡುತ್ತಿದ್ದಳು. ಡಾಕ್ಟರು ಸಕ್ಕರೆಗೆ ನಡಿಯಮ್ಮಾ ಅಂದಿದ್ದೆಲ್ಲ ನೆಪ.

ಸೈಕಲ್ಲು ಮನೆಗೆ ತಂದವಳು ಹೊರಗಿನವಳಲ್ಲ, ಹೆತ್ತ ಮಗಳು ಹರಿತಾ. ಅವಳಿಗೆ ಚಿಂತಾಮಣಿಯ ಬ್ಯಾಂಕಿನಲ್ಲಿ ಕೆಲಸ. ಹೊಸ ದಾರಿ ಆಯಿತೆಂದು ಕೇಳಿ ಒಂದು ಶನಿವಾರ ಕೆಂಪು ಬಣ್ಣದ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದಳು.

"ಅಮ್ಮಾ, ನಿಂಗೇ ಅಂತ ತಂದಿದೀನಿ. ಮಂಡಿಗೆ ಒಳ್ಳೇದು. ಕಲ್ಸಿಕೊಡ್ತೀನಿ ಬಾ."

ವರಲಕ್ಷ್ಮಮ್ಮನಿಗೆ ಒಳಗೊಳಗೇ ಖುಷಿಯಾಯಿತು. ಆದರೆ ದೊಡ್ಡ ಸೊಸೆ ಅಂದಮೇಲೆ ಕರೆದ ಕೂಡಲೇ ಹೋಗುವುದುಂಟೇ? ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲ ಬಲವಂತ ಮಾಡಿಸಿಕೊಳ್ಳಬೇಕು. ಕಾಫಿಯನ್ನೂ ಹಾಗೆಯೇ ಕುಡಿದವಳು, ಹೊಸ ಸೀರೆಯನ್ನೂ ಹಾಗೆಯೇ ಉಟ್ಟವಳು ಅವಳು.

"ಥೂ, ಹೋಗೇ! ಈ ವಯಸ್ಸಲ್ಲಿ ಸೈಕಲ್ ತುಳ್ಕೊಂಡು ಊರೋರ ಬಾಯಿಗೆ ಬೀಳ್ಲಾ? ಯಾರಾದ್ರೂ ನೋಡಿದ್ರೆ ಏನಂದಾರು?"

ಹರಿತಾ ಎರಡನೇ ಸಲ ಕೇಳಲಿಲ್ಲ. ಈಗಿನ ಮಕ್ಕಳಿಗೆ ಇದೊಂದು ಬರುವುದಿಲ್ಲ. ಪಕ್ಕದಲ್ಲೇ ಹೂ ಕಟ್ಟುತ್ತಿದ್ದ ಕವಿತ ತಲೆಯೆತ್ತಿ, "ನಾನು ಕಲೀಲೇನಮ್ಮಾ ಹರಿತಾ?" ಎಂದು ಕೇಳಿಬಿಟ್ಟಳು.

ಮಾರನೆಯ ಭಾನುವಾರ ವರಲಕ್ಷ್ಮಮ್ಮ ಕಂಡ ನೋಟ ಹೀಗಿತ್ತು. ಕೆರೆಯ ದಾರಿಯಲ್ಲಿ ಕವಿತ ಚೂಡಿದಾರ ಹಾಕಿಕೊಂಡು, ಹಿಡಿಯನ್ನು ಆಕಡೆ ಈಕಡೆ ತಿರುಗಿಸುತ್ತಾ, ಕಿರುಚುತ್ತಾ ಹೋಗುತ್ತಿದ್ದಾಳೆ. ಹಿಂದೆ ಸೀಟು ಹಿಡಿದುಕೊಂಡು ಓಡುತ್ತಿರುವುದು ತನ್ನ ಮಗಳು! "ಬಿಡಲ್ಲ ಚಿಕ್ಕಮ್ಮಾ, ಹಿಡ್ಕೊಂಡಿದೀನಿ, ತುಳಿ ತುಳಿ" ಎಂದು ನಗುತ್ತಾ ಓಡುತ್ತಿದ್ದಾಳೆ. ಅವಳು ಅಮ್ಮನ ಜೊತೆ ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ವರಲಕ್ಷ್ಮಮ್ಮನ ಹೊಟ್ಟೆಯಲ್ಲಿ ಕೆಂಡ ಸುರಿದಂತಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಕವಿತ ಕಲಿತೂ ಕಲಿತಳು. ದಿನಾ ಇಬ್ಬರೂ ಜೊತೆಗೇ ಹೊರಡುವುದು, ಕೆರೆಯ ಬಾಗಿಲಲ್ಲಿ ಬೇರೆಯಾಗುವುದು. ಇವಳು ಇಟ್ಟಿಗೆ ಬಣ್ಣದ ಮೇಲೆ, ಅವಳು ಟಾರಿನ ಮೇಲೆ. ಇವಳು ಅರ್ಧ ಸುತ್ತು ಹಾಕಿ ಹೊಂಗೆ ಮರದ ಕೆಳಗಿನ ಬೆಂಚಿನಲ್ಲಿ ಕೂತು ಮಂಡಿ ತಿಕ್ಕಿಕೊಳ್ಳುವಷ್ಟರಲ್ಲಿ ಅವಳು ಸುತ್ತಿ ಸುತ್ತಿ ಬರುವಳು. ಬೆಂಚು ಹತ್ತಿರವಾದಾಗೆಲ್ಲ ಟ್ರಿಣ್ ಟ್ರಿಣ್ ಎಂದು ಬೆಲ್ಲು ಬಾರಿಸಿ "ಅಕ್ಕಾ!" ಎಂದು ಕೂಗಿ ಹೋಗುವಳು.

ಆ ಬೆಲ್ಲು ಕೇಳಿದರೆ ವರಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿ. ಮೆರೀತಾಳೆ, ಮೆರೀಲಿ. ನನಗೆ ತಂದ ಸೈಕಲ್ಲು, ನನ್ನ ಮಗಳು ತಂದ ಸೈಕಲ್ಲು, ನನಗೇ ಬೆಲ್ಲು ಬಾರಿಸಿ ತೋರಿಸುವುದೇ? ಎಂದು ಮುಖ ತಿರುಗಿಸಿ ಕೆರೆಯ ನೀರುಕೋಳಿ ನೋಡುತ್ತಾ ಕೂರುವಳು. ಅಷ್ಟು ಸಾಲದೆಂಬಂತೆ ಬೆಂಚಿನ ಇನ್ನೊಂದು ತುದಿಯಲ್ಲಿ ಮುನಿಗಂಗಪ್ಪ. ರಿಟೈರಾದ ಮೇಷ್ಟ್ರು, ಬೇರೆ ಕೆಲಸವಿಲ್ಲ.

"ನಿಮ್ಮನೆ ಚಿಕ್ಕ ಸೊಸೆ ಭಲೇ ಜೋರು ಕಣಮ್ಮಾ! ಎಷ್ಟು ಸ್ಪೀಡಾಗಿ ಹೋಗ್ತಾರೆ! ನಿಮಗೆ ಬರಲ್ವಾ?"

"ಬರಕ್ಕೇನು ಮೇಷ್ಟ್ರೇ, ಮನೆ ಮರ್ಯಾದೆ ಅಂತ ಒಬ್ರಾದ್ರೂ ನೋಡ್ಕೋಬೇಕಲ್ಲ" ಎಂದಳು ವರಲಕ್ಷ್ಮಮ್ಮ.

ನಿಜ ಹೇಳಬೇಕೆಂದರೆ ಅವಳಿಗೆ ಸೈಕಲ್ಲಿನ ಮೇಲಿದ್ದ ಆಸೆ ಅಷ್ಟೇನಿಲ್ಲ. ಪಕ್ಕ ಖಾಲಿಯಾಗಿತ್ತು, ಅದು ಸಂಕಟ. ಗೌರಿಬಿದನೂರಿನ ನಾದಿನಿ ಮಗಳ ಸಂಬಂಧ ಮುರಿದ ಸುದ್ದಿ ಎರಡು ವಾರದಿಂದ ಗಂಟಲಲ್ಲೇ ನಿಂತಿತ್ತು. ಯಾರಿಗೆ ಹೇಳುವುದು? ಬೆಲ್ಲು ಬಾರಿಸಿ ಹೋಗುವವಳು "ಆಮೇಲೆ?" ಅನ್ನುತ್ತಾಳೆಯೇ? ಆ ಕೆಂಪು ಕಬ್ಬಿಣ ಮನೆಯಿಂದ ತೊಲಗಿದರೆ ಸಾಕು, ಕವಿತ ಮತ್ತೆ ಪಕ್ಕಕ್ಕೆ ಬರುತ್ತಾಳೆ ಎಂಬ ಒಂದೇ ಯೋಚನೆ ಅವಳ ತಲೆಯಲ್ಲಿ ಕೂತಿತು. ಪೂಜೆ ಮಾಡುವಾಗಲೂ ಅದೇ, ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ.

ಕಾರ್ತೀಕದ ಒಂದು ಬೆಳಗ್ಗೆ ಅವಳು ಮಾಮೂಲಿ ಬೆಂಚಿನಲ್ಲಿ ಕೂರಲಿಲ್ಲ. ಮಾಡುವುದೆಲ್ಲ ಮಾಡಿ "ಅಕ್ಕಾ" ಅಂತೆ, ಅಕ್ಕ ಇದ್ದರೆಷ್ಟು ಬಿಟ್ಟರೆಷ್ಟು ಎಂದುಕೊಂಡು, ಮರದ ಹಿಂದೆ ನೀರಿನ ಕಡೆಗಿದ್ದ ಮೆಟ್ಟಿಲಿಗೆ ಇಳಿದು ಕೂತಳು. ದಾರಿಯಿಂದ ನೋಡಿದರೆ ಅಲ್ಲಿ ಕೂತವರು ಕಾಣುವುದಿಲ್ಲ. ದೂರದಲ್ಲಿ ಬೆಲ್ಲು ಕೇಳಿಸಿತು. "ಒಂದಿನ ಬೀಳಬಾರದಾ ಇವಳು, ಸೊಕ್ಕು ಇಳಿಯೋ ಹಂಗೆ" ಎಂದು ಮನಸ್ಸಿನಲ್ಲಿ ಅಂದುಕೊಂಡಳು. ಅಂದುಕೊಂಡು ಮುಗಿಸುವಷ್ಟರಲ್ಲಿ ಮೇಲೆ ದಡಾರ್ ಎಂದು ಸದ್ದಾಯಿತು. ಜನ ಓಡಿದ ಸದ್ದು, "ಅಯ್ಯಯ್ಯೋ" ಎಂದು ಮುನಿಗಂಗಪ್ಪ ಮೇಷ್ಟ್ರ ದನಿ.

ಮೆಟ್ಟಿಲು ಹತ್ತಿ ಬಂದು ನೋಡಿದರೆ ಕವಿತ ಬಿಳಿ ಗೆರೆಯ ಮೇಲೆ ಬಿದ್ದಿದ್ದಾಳೆ, ಸೈಕಲ್ಲು ಮುಂದಿನ ಬೆಂಚಿಗೆ ಗುದ್ದಿಕೊಂಡು ಬುಟ್ಟಿ ನುಗ್ಗಾಗಿದೆ. ನನ್ನ ಕಣ್ಣೇ ಬಿತ್ತು ಶಿವನೇ, ನನ್ನ ಕಣ್ಣೇ, ಎಂದು ವರಲಕ್ಷ್ಮಮ್ಮನ ಎದೆ ಹೊಡೆದುಕೊಂಡಿತು. ಅದೇ ಎದೆಯ ಮೂಲೆಯಲ್ಲಿ, ಇನ್ನು ಸೈಕಲ್ಲು ಹೋಯಿತು ಎಂಬ ಸಮಾಧಾನವೂ ಇತ್ತು. ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದರೆ ಮೂಳೆ ಮುರಿದಿಲ್ಲ, ಪಾದ ಉಳುಕಿದೆ ಎಂದರು.

ಮನೆಗೆ ಬಂದದ್ದೇ ತಡ, ಜಗಲಿಯಲ್ಲಿದ್ದ ಅತ್ತೆ ಅಮ್ಮಾಜಮ್ಮ ತೀರ್ಪು ಕೊಟ್ಟಳು. ಅವಳ ತವರು ಆಂಧ್ರದ ಗಡಿ, ಸಿಟ್ಟು ಬಂದರೆ ತೆಲುಗು ಮೊದಲು ಬರುತ್ತದೆ.

"ಅಯ್ಯೋ ದೇವುಡಾ! ಇದು ದೃಷ್ಟಿ ಕಣ್ರೇ, ಊರ ಕಣ್ಣೆಲ್ಲಾ ಇವಳ ಮೇಲೇ. ವರಲಕ್ಷ್ಮೀ, ದೃಷ್ಟಿ ತೆಗಿ. ಘಾಟು ಬರಲಿಲ್ಲ ಅಂದ್ರೆ ಆ ಸೈಕಲ್ ಒಂದು ಕ್ಷಣ ನಮ್ಮನೇಲಿರಬಾರದು. ಗುಜರಿಯೋನಿಗೆ ಹಾಕಿ."

ಆ ಮನೆಯ ಪದ್ಧತಿ ಅದು. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಾಗ ಘಾಟು ಬಂದು ಎಲ್ಲರೂ ಕೆಮ್ಮಿದರೆ ದೃಷ್ಟಿಯಿಲ್ಲ. ಘಾಟೇ ಬರದಿದ್ದರೆ ದೃಷ್ಟಿ ಬಲವಾಗಿದೆ ಎಂದರ್ಥ, ಯಾವುದರಿಂದ ಕಣ್ಣು ಬಿತ್ತೋ ಆ ವಸ್ತು ಮನೆ ಬಿಡಬೇಕು. ಹಿಂದೆ ಒಂದು ಸೀಮೆಹಸು ಹಾಗೇ ಶಿಡ್ಲಘಟ್ಟದ ಬೀಗರ ಮನೆ ಸೇರಿತ್ತು. ದೃಷ್ಟಿ ತೆಗೆಯುವ ಕೈ ಯಾವಾಗಲೂ ವರಲಕ್ಷ್ಮಮ್ಮನದೇ. ಅವಳ ಕೈಗುಣ ದೊಡ್ಡದು ಎಂದು ಬೀದಿಯವರೂ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು.

ಅಡುಗೆಮನೆಯಲ್ಲಿ ಎರಡು ಡಬ್ಬಿ. ಒಂದರಲ್ಲಿ ಈ ವರ್ಷದ ಕೆಂಪು ಗುಂಟೂರು ಮೆಣಸಿನಕಾಯಿ. ಇನ್ನೊಂದರ ತಳದಲ್ಲಿ ಹೋದ ವರ್ಷದ್ದು, ಬಿಳಿಚಿಕೊಂಡು ಬೀಜ ಉದುರಿದ್ದು. ವರಲಕ್ಷ್ಮಮ್ಮ ಎರಡರ ಮುಂದೆ ಸ್ವಲ್ಪ ಹೊತ್ತು ನಿಂತಳು. ಕೈ ಹಳೆಯ ಡಬ್ಬಿಗೆ ಹೋಯಿತು. ಇದರಲ್ಲಿ ಎಲ್ಲಿಯ ಘಾಟು? ಹೋಗಲಿ ಪೀಡೆ, ಅವಳ ಕಾಲಿಗೂ ಒಳ್ಳೆಯದು ಎಂದು ತನಗೆ ತಾನೇ ಹೇಳಿಕೊಂಡಳು.

ಹಿತ್ತಲ ಬಚ್ಚಲೊಲೆಯ ಹತ್ತಿರ ಕವಿತಳನ್ನು ಪೂರ್ವಕ್ಕೆ ಮುಖ ಮಾಡಿ ಕುರ್ಚಿಯಲ್ಲಿ ಕೂರಿಸಿದರು. ವರಲಕ್ಷ್ಮಮ್ಮ ಮುಷ್ಟಿ ಸುತ್ತಿಸುತ್ತಾ ಶುರುಮಾಡಿದಳು. "ಹಾದಿ ಕಣ್ಣು, ಬೀದಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು, ಬಂದೋರ ಕಣ್ಣು, ಹೋದೋರ ಕಣ್ಣು, ಅಕ್ಕಪಕ್ಕದೋರ ಕಣ್ಣು..."

"ಏಮೇ, ಓರಗಿತ್ತಿ ಕಣ್ಣು ಬಿಟ್ಬಿಟ್ಟೆ" ಎಂದಳು ಅಮ್ಮಾಜಮ್ಮ ಹಿಂದಿನಿಂದ. "ದಿನಾ ಹೇಳೋಳು, ಇವತ್ತೇನಾಯ್ತು?"

"ಓರಗಿತ್ತಿ ಕಣ್ಣು" ಎಂದಳು ವರಲಕ್ಷ್ಮಮ್ಮ. ದನಿ ಅವಳಿಗೇ ಕೇಳಿಸಲಿಲ್ಲ.

ಕವಿತ ಮೂರು ಸಲ ಥೂ ಥೂ ಥೂ ಎಂದು ಮುಷ್ಟಿಗೆ ಉಗಿದಳು. ವರಲಕ್ಷ್ಮಮ್ಮ ಎಲ್ಲವನ್ನೂ ಕೆಂಡಕ್ಕೆ ಎಸೆದು ಕಾದಳು. ಒಂದು ಉಸಿರಿನಷ್ಟು ಹೊತ್ತು ಏನೂ ಆಗಲಿಲ್ಲ. ಆಮೇಲೆ ಎದ್ದಿತು ನೋಡಿ ಘಾಟು! ಬಣ್ಣ ಹೋದ ಮಾತ್ರಕ್ಕೆ ಖಾರವೂ ಹೋಗಿರುತ್ತದೆಯೇ? ಕವಿತ ಕೆಮ್ಮಿದಳು, ಅಮ್ಮಾಜಮ್ಮ ಸೆರಗು ಬಾಯಿಗೆ ತುರುಕಿಕೊಂಡು ಕೆಮ್ಮಿದಳು, ಕೊಟ್ಟಿಗೆಯ ಎಮ್ಮೆ ಸೀನಿತು, ಆಚೆ ಮನೆಯಲ್ಲಿ ವೆಂಕಟರಾಮಪ್ಪ "ಏನ್ರೇ ಅದು, ಸಾಯಿಸ್ತೀರಾ?" ಎಂದು ಕೂಗಿದ. ಎಲ್ಲರಿಗಿಂತ ಜೋರಾಗಿ ಕೆಮ್ಮಿದವಳು ವರಲಕ್ಷ್ಮಮ್ಮ.

"ದೃಷ್ಟಿನೂ ಇಲ್ಲ, ಗಿಷ್ಟಿನೂ ಇಲ್ಲ" ಎಂದಳು ಅಮ್ಮಾಜಮ್ಮ ಕಣ್ಣೊರೆಸಿಕೊಂಡು. "ಇವಳಿಗೆ ನೆಟ್ಟಗೆ ತುಳಿಯಕ್ಕೆ ಬರಲ್ಲ, ಅಷ್ಟೇ. ಸೈಕಲ್ ಇರ್ಲಿ ಬಿಡಿ."

ವರಲಕ್ಷ್ಮಮ್ಮನಿಗೆ ಇದು ದೊಡ್ಡ ಅವಮಾನವಾಯಿತು. ಇಷ್ಟು ತಿಂಗಳು ಹೊಟ್ಟೆ ಉರಿಸಿಕೊಂಡದ್ದು ನಾಲ್ಕು ಹಳೇ ಮೆಣಸಿನಕಾಯಿಯ ಘಾಟನ್ನೂ ತಡೆಯಲಿಲ್ಲ ಅಂದರೆ ತನ್ನ ಕಣ್ಣಿಗೆ ಏನು ಬೆಲೆ?

ಮಧ್ಯಾಹ್ನ ಅರಿಶಿನ ಬಿಸಿ ಮಾಡಿ ಓರಗಿತ್ತಿಯ ಪಾದಕ್ಕೆ ಪಟ್ಟು ಹಾಕುತ್ತಾ, ತಡೆಯಲಾರದೆ ಕೇಳಿಯೇಬಿಟ್ಟಳು.

"ಅಲ್ಲ ಕಣೇ ಕವಿತ, ಅಷ್ಟು ನೆಟ್ಟಗಿದೆ ದಾರಿ, ಹಳ್ಳವಿಲ್ಲ ಕಲ್ಲಿಲ್ಲ. ಹೆಂಗೆ ಬಿದ್ದೆ?"

"ನಿಮ್ಮಿಂದಾನೇ ಅಕ್ಕ."

ವರಲಕ್ಷ್ಮಮ್ಮನ ಕೈ ನಿಂತಿತು.

"ಬೆಂಚಲ್ಲಿ ನೀವಿರಲಿಲ್ಲ. ಬೆಲ್ ಮಾಡ್ದೆ, ಕಾಣಿಸಲಿಲ್ಲ. ಮುಂದಕ್ಕೆ ಹೋದೋಳು ತಿರುಗಿ ತಿರುಗಿ ನೋಡ್ದೆ. ಸಕ್ಕರೆ ಇಳಿದು ಎಲ್ಲಾದ್ರೂ ತಲೆ ಸುತ್ತಿ ಬಿದ್ರೇನೋ ಅಂತ ಜೀವ ಬಾಯಿಗೆ ಬಂತು. ಮುಂದೆ ಇನ್ನೊಂದು ಬೆಂಚಿರೋದೇ ಕಾಣಲಿಲ್ಲ."

ವರಲಕ್ಷ್ಮಮ್ಮ ಅರಿಶಿನದ ಬಟ್ಟಲನ್ನೇ ನೋಡುತ್ತಿದ್ದಳು. "ಆಮೇಲೆ?" ಎಂದಳು. ಅಷ್ಟು ವರ್ಷದಲ್ಲಿ ಅವಳು ಆ ಮಾತು ಆಡಿದ್ದು ಅದೇ ಮೊದಲು.

"ಆಮೇಲೆ ಏನಕ್ಕ, ಯಾರಿಗೂ ಹೇಳ್ಬೇಡಿ. ಸೈಕಲ್ ಮೇಲೆ ಒಬ್ಳೇ ಹೋಗಕ್ಕೆ ನಂಗೆ ಈಗಲೂ ಭಯ. ಸುತ್ತು ಹಾಕುವಾಗ ಆ ಬೆಂಚು ಯಾವಾಗ ಬರುತ್ತೋ, ನೀವು ಯಾವಾಗ ಕಾಣ್ತೀರೋ ಅಂತಾನೇ ತುಳಿಯೋದು. ನೀವು ನೋಡಿದ್ರೆ ಇನ್ನೊಂದು ಸುತ್ತು ಹೋಗಕ್ಕೆ ಧೈರ್ಯ ಬರುತ್ತೆ. ನೀವೋ, ಯಾವಾಗ್ಲೂ ಆಕಡೆ ನೀರ್ ಕೋಳಿ ನೋಡ್ತಿರ್ತೀರ."

ವರಲಕ್ಷ್ಮಮ್ಮ ಬಟ್ಟೆ ಸುತ್ತಿ ಗಂಟು ಹಾಕಿದಳು. ಬಿಗಿಯಾಯಿತೇನೋ ಎಂದು ಬಿಚ್ಚಿ ಮತ್ತೆ ಹಾಕಿದಳು. ಕಣ್ಣಲ್ಲಿ ನೀರು ಬಂದದ್ದಕ್ಕೆ ಹೇಳಿಕೊಳ್ಳಲು ಬೆಳಗಿನ ಘಾಟು ಹೇಗೂ ಇತ್ತು.

"ಕಾಲು ವಾಸಿಯಾಗ್ಲಿ" ಎಂದಳು. "ಮುಂದೆ ನೋಡ್ಕೊಂಡು ತುಳಿ. ನಾನು ಅಲ್ಲೇ ಇರ್ತೀನಿ, ನಿನ್ನೇ ನೋಡ್ತಿರ್ತೀನಿ."