ಹಾಲಮ್ಮನ ಮುಯ್ಯಿ

ಹೊಸಬಾಳೆಗೆ ಬಂದ ಮೊದಲ ವಾರ ಒಂದು ಮೊಗೆಕಾಯಿಗೆ ದುಡ್ಡು ಕೊಡಲು ಹೋಗಿ ಬೈಸಿಕೊಂಡೆ. ಮೊಗೆಕಾಯಿ ಎಂದರೆ ನಮ್ಮ ಶಿಕಾರಿಪುರದಲ್ಲಿ ಸಾರಿಗೆ ಹಾಕುವ ದಪ್ಪ ಸೌತೆಕಾಯಿ. ಪಕ್ಕದ ಮನೆಯ ದ್ಯಾವಮ್ಮ ಅದನ್ನು ಸೆರಗಿನಲ್ಲಿ ಸುತ್ತಿ ತಂದು ನಮ್ಮ ಜಗಲಿಯ ಮೇಲಿಟ್ಟರು. ಹುಟ್ಟಿದಾಗಿನಿಂದ ಪೇಟೆಯ ಓಣಿಯಲ್ಲಿ ಬೆಳೆದವನು ನಾನು. ಯಾರಾದರೂ ತರಕಾರಿ ತಂದಿಟ್ಟರೆ ಕೈ ತಾನಾಗಿ ಜೇಬಿಗೆ ಹೋಗುತ್ತದೆ.

"ಎಷ್ಟಾತ್ರೀ?" ಎಂದೆ.

ದ್ಯಾವಮ್ಮ ನನ್ನ ಕಡೆ ನೋಡಲೇ ಇಲ್ಲ. ಬಾಗಿಲಿಗೆ ಮುಖ ಮಾಡಿ ನನ್ನ ಹೆಂಡತಿಯನ್ನು ಕೂಗಿದರು. "ಹಾಲಕ್ಕಾ, ನಿನ್ನ ಗಂಡಂಗೆ ಎಂತ ಆಗೈತೆ? ನಾನೆಂತ ಸಂತೇಲಿ ಕೂತಿದೀನಾ?"

ಹಾಲಮ್ಮ ಹೊರಗೆ ಬಂದು ನನ್ನ ಕೈಯನ್ನು ಜೇಬಿನಿಂದ ಎಳೆದಳು. "ಪೇಟೆಯೋರು, ಬಿಡೇ ದ್ಯಾವಿ. ಕಲೀತಾರೆ" ಎಂದಳು. ಇಬ್ಬರೂ ಬಾಯಿಗೆ ಸೆರಗು ಹಿಡಿದು ನಕ್ಕರು.

ಶಿಕಾರಿಪುರದಿಂದ ಹೊಸಬಾಳೆ ಅಷ್ಟೇನೂ ದೂರವಲ್ಲ. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿದರೆ ಬೆಳಿಗ್ಗೆ ಹೋಗಿ ಸಂಜೆಗೆ ಬರಬಹುದು. ಇಷ್ಟು ಹತ್ತಿರಕ್ಕೆ ಬಂದವನು ವಲಸೆ ಬಂದೆ ಎಂದು ಬರೆದರೆ ನಮ್ಮ ಓಣಿಯವರು ನಗಬಹುದು. ಬಂದು ಇದ್ದು ನೋಡಿದರೆ ಅವರಿಗೂ ತಿಳಿದೀತು.

ನಾನು ಓದಿದ್ದು ಏಳನೆಯ ಕ್ಲಾಸು. ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿದ್ದು ತೊಂಬತ್ತರ ದಶಕದ ಆರಂಭದಲ್ಲಿ ನಿವೃತ್ತನಾದೆ. ಕೈಗೆ ಬಂದ ಗಂಟು ಮಗಳ ಮದುವೆಯ ಸಾಲಕ್ಕೆ ಹೋಯಿತು. ಉಳಿದದ್ದು ತಿಂಗಳ ಪಿಂಚಣಿ. ಬಾಡಿಗೆ, ಸೀಮೆಎಣ್ಣೆ, ಹಾಲು, ಕಾಯಿಪಲ್ಯ ಎಂದು ಕೊಟ್ಟ ಮೇಲೆ ತಿಂಗಳ ಕೊನೆಯ ದಿನಗಳು ಬಹಳ ಉದ್ದವಾಗುತ್ತಿದ್ದವು. ಸಂಬಳ ಬರುತ್ತಿದ್ದಾಗ ಕೇಳದೆಯೇ ಕಡ ಕೊಡುತ್ತಿದ್ದ ಅಂಗಡಿಯವನು ಪಿಂಚಣಿಯವನಿಗೆ ಕೊಡುವಾಗ ಒಮ್ಮೆ ಮುಖ ನೋಡುತ್ತಾನೆ. ಅದು ಹಾಲಮ್ಮನಿಗೆ ಆಗಿಬರಲಿಲ್ಲ. ಅವಳ ತೌರೂರಾದ ಹೊಸಬಾಳೆಯಲ್ಲಿ ದೊಡ್ಡಪ್ಪನ ಮಕ್ಕಳ ಎರಡು ಅಂಕಣದ ಮನೆ ಖಾಲಿ ಬಿದ್ದಿತ್ತು. ಅವರು ಸೊರಬದಲ್ಲಿ ಅಂಗಡಿ ಇಟ್ಟುಕೊಂಡು ಅಲ್ಲೇ ನಿಂತಿದ್ದರು. "ದೀಪ ಹಚ್ಚೋರು ಇದ್ರೆ ಸಾಕು, ಬಾಡಿಗೆ ಮಾತು ಆಡ್ಬೇಡ" ಎಂದರಂತೆ. ನಾವು ಪಾತ್ರೆಪಗಡಿ, ಒಂದು ಟ್ರಂಕು, ರೊಟ್ಟಿ ಹಂಚು ಕಟ್ಟಿಕೊಂಡು ಹೊರಟೆವು.

ರೊಟ್ಟಿ ಹಂಚು ತಂದದ್ದು ನನಗಾಗಿ. ಶಿಕಾರಿಪುರದಲ್ಲಿ ಬೆಳಗಾಗುವುದೇ ಓಣಿಯ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದಿನಿಂದ. ಇಲ್ಲಿ ಆ ಸದ್ದಿಲ್ಲ. ಬೆಳಿಗ್ಗೆ ಗಂಜಿ, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. ಮೊದಲ ತಿಂಗಳು ಎಷ್ಟು ಉಂಡರೂ ಹೊಟ್ಟೆಯಲ್ಲಿ ಏನೂ ನಿಂತಂತೆ ಆಗುತ್ತಿರಲಿಲ್ಲ. ನಾವು "ಏನು" ಎನ್ನುವುದಕ್ಕೆ ಇವರು "ಎಂತ" ಎನ್ನುತ್ತಾರೆ. ನಾನು "ಕುಂದರ್ರೀ" ಎಂದರೆ ಹುಡುಗಿಯರು ಅದನ್ನೇ ಹೇಳಿಕೊಂಡು ನಗುತ್ತಾರೆ. ಚಹಾದ ಹೋಟೆಲಿಲ್ಲ, ಪೇಪರು ಓದುವ ಕಟ್ಟೆಯಿಲ್ಲ. ಮಧ್ಯಾಹ್ನ ಎಲ್ಲರೂ ಹೊಲಗದ್ದೆಗೆ ಹೋದ ಮೇಲೆ ಊರಿನಲ್ಲಿ ನಾನೂ ಕೋಳಿಗಳೂ ಮಾತ್ರ ಉಳಿಯುತ್ತಿದ್ದೆವು.

ಆದರೆ ಖರ್ಚಿಲ್ಲ. ಅದೊಂದು ಸಮಾಧಾನ. ಹಿತ್ತಲ ಬಾಗಿಲಿಗೆ ಹರಿವೆ ಸೊಪ್ಪಿನ ಕಟ್ಟು ಬರುತ್ತಿತ್ತು. ಇನ್ನೊಂದು ದಿನ ಮಜ್ಜಿಗೆ, ಮತ್ತೊಂದು ದಿನ ಸಿಗಿದ ಸೌದೆಯ ಹೊರೆ. ಪಿಂಚಣಿ ತರಲು ಶಿಕಾರಿಪುರಕ್ಕೆ ಹೋದಾಗಲೆಲ್ಲ ಹಳೆಯ ಕಚೇರಿಯ ಗೆಳೆಯರ ಮುಂದೆ ಹೇಳುತ್ತಿದ್ದೆ: "ಅಲ್ಲಿ ಕಾಯಿಪಲ್ಯಕ್ಕೆ ರೊಕ್ಕ ಇಲ್ಲಪ್ಪ. ತಾವಾಗೇ ತಂದು ಕೊಡ್ತಾರ. ಅಳಿಯ ನೋಡು ನಾನು!" ಬರುವಾಗ ಒಂದು ಚೀಲ ಜೋಳದ ಹಿಟ್ಟು ತರುತ್ತಿದ್ದೆ. ಅಂಚೆ ಕಚೇರಿಯಲ್ಲಿ ಸ್ವಲ್ಪ ಹಣ ಕೂಡ ಇಡತೊಡಗಿದೆ. ಕೆಲಸದಲ್ಲಿದ್ದಾಗ ಆಗದ ಉಳಿತಾಯ ನಿವೃತ್ತಿಯಲ್ಲಿ ಆಗುತ್ತಿದೆ ಎಂದು ನನಗೆ ಹೆಮ್ಮೆಯಿತ್ತು.

ಹಾಲಮ್ಮ ಹಗಲೆಲ್ಲ ಮನೆಯಲ್ಲಿ ಇರುತ್ತಿರಲಿಲ್ಲ. "ದ್ಯಾವಿ ಮನೆಗೆ ಹೋಗಿ ಬರ್ತೀನ್ರೀ" ಎಂದು ಹೋದರೆ ಇಳಿಹೊತ್ತು. ತೌರಿಗೆ ಬಂದ ಹೆಣ್ಣು, ಬಾಲ್ಯದ ಗೆಳತಿಯರು, ಮಾತಾಡಲಿ ಎಂದುಕೊಂಡಿದ್ದೆ. ಒಮ್ಮೆ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದಳು.

"ಏನಿದು, ಈ ವಯಸ್ಸಿನಾಗೆ ಕೂಲಿಗೆ ಹೋಗ್ತೀಯೇನು?" ಎಂದೆ.

"ಕೂಲಿ ಅಂತ ಯಾರಂದ್ರು? ತೌರಿನ ಮಣ್ಣು, ಸುಮ್ನೆ ಕೈ ಆಡಿಸಿ ಬಂದೆ" ಎಂದು ಕಾಲು ತೊಳೆಯಲು ಹೋದಳು. ಮತ್ತೆ ನಾನು ಕೇಳಲಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷದ ಚಳಿಗಾಲದಲ್ಲಿ ಜ್ವರವೆಂದು ಮಲಗಿದಳು. ಸೊರಬದ ಆಸ್ಪತ್ರೆಗೆ ಒಯ್ದೆವು, ಔಷಧಿ ಕೊಟ್ಟು ಕಳಿಸಿದರು. ಜ್ವರ ಇಳಿಯಿತು, ಅವಳು ಏಳಲಿಲ್ಲ. ಅವಳು ಹುಟ್ಟಿದ ಊರಿನ ಮಣ್ಣಿನಲ್ಲೇ ಅವಳನ್ನು ಇಟ್ಟೆವು. ಹೆಗಲು ಕೊಟ್ಟವರು ಅವಳೂರಿನವರು. ನನ್ನ ಊರಿನಿಂದ ಬಂದವರು ಹಾರ ಹಿಡಿದು ಹಿಂದೆ ನಿಂತಿದ್ದರು.

ಮಗಳನ್ನು ಹರಿಹರಕ್ಕೆ ಕೊಟ್ಟಿದ್ದೇವೆ. ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲೇ ಅವಳ ಅತ್ತೆ, ಮಾವ, ಇಬ್ಬರು ಮಕ್ಕಳು. "ಬಂದುಬಿಡು ಅಪ್ಪಾಜಿ, ಇಲ್ಲಿ ಯಾರ ಮುಖ ನೋಡ್ಕೊಂಡು ಇರ್ತೀಯ?" ಎಂದು ಅತ್ತಳು. ಅಳಿಯನೂ ಒಳ್ಳೆಯವನು. ಆದರೆ ಆ ಅಡುಗೆಮನೆಯ ಬಾಗಿಲಲ್ಲಿ ನಾನು ಹಾಸಿಕೊಂಡು ಮಲಗಿದರೆ ಅವಳ ಅತ್ತೆ ಬೆಳಿಗ್ಗೆ ನನ್ನನ್ನು ದಾಟಿಕೊಂಡು ಒಲೆಯ ಹತ್ತಿರ ಹೋಗಬೇಕು. ಸ್ವಲ್ಪ ದಿನ ನೋಡೋಣ ಎಂದೆ. ನನ್ನ ಪಿಂಚಣಿಯಲ್ಲಿ, ನನ್ನ ಒಲೆಯಲ್ಲಿ, ಅವಳಿದ್ದ ಮನೆಯಲ್ಲಿ ಇರುವುದು ಸಾಧ್ಯವೇ ಎಂಬುದೊಂದೇ ನನ್ನ ಮುಂದಿದ್ದ ಪ್ರಶ್ನೆ.

ಸಾಧ್ಯವಾಗುವಂತೆಯೇ ಕಂಡಿತು. ಸೊಪ್ಪು, ಮಜ್ಜಿಗೆ, ಸೌದೆ ಒಂದೂ ನಿಲ್ಲಲಿಲ್ಲ. ಅನ್ನ ಬೇಯಿಸುವುದನ್ನು ಕಲಿತೆ, ರೊಟ್ಟಿ ಮಾತ್ರ ಬರಲಿಲ್ಲ. ಆದರೆ ಹೆಂಡತಿ ಸತ್ತವನೆಂದು ಮರುಗಿ ಕೊಡುತ್ತಿದ್ದಾರೆ ಎನಿಸುತ್ತಿತ್ತು. ಒಂದು ದಿನ ದ್ಯಾವಮ್ಮ ತಂದ ಮಜ್ಜಿಗೆಯ ತಂಬಿಗೆಯನ್ನು ಹಿಂದಕ್ಕೆ ಚಾಚಿದೆ.

"ಸಾಕ್ರೀ ಇನ್ನ. ಎಷ್ಟು ದಿನ ಅಂತ ಕೊಡ್ತೀರಿ ನನಗ?"

"ನಿಮಗೆ ಯಾರು ಕೊಟ್ರು ಭಾವ?" ಎಂದರು ದ್ಯಾವಮ್ಮ. "ಇದು ಹಾಲಕ್ಕನ ಮುಯ್ಯಿ."

ಮುಯ್ಯಿ ಎಂಬ ಮಾತು ಪೇಟೆಯಲ್ಲೂ ಇದೆ. ಮದುವೆಯಲ್ಲಿ ಓದಿಸುವ ಉಡುಗೊರೆಗೆ ನಾವು ಹಾಗೆನ್ನುತ್ತೇವೆ. ಇಲ್ಲಿ ಅದು ಮೈಮುರಿದು ಮಾಡುವ ದುಡಿಮೆ. ಇವತ್ತು ನಾನು ನಿನ್ನ ಗದ್ದೆಗೆ ಬಂದರೆ ನಾಳೆ ನೀನು ನನ್ನ ಗದ್ದೆಗೆ ಬರಬೇಕು. ಗದ್ದೆಯಿಲ್ಲದವರಿಗೆ ಅದು ಮಜ್ಜಿಗೆಯಾಗಿ, ಸೌದೆಯಾಗಿ ತಿರುಗಿ ಬರುತ್ತದೆ. ದ್ಯಾವಮ್ಮ ಜಗಲಿಯ ಮೇಲೆ ಕೂತು ಹೇಳಿದರು. ಅವರ ಸೊಸೆ ಬಾಣಂತಿಯಾಗಿದ್ದಾಗ ಗದ್ದೆಯಲ್ಲಿ ಸಸಿ ನೆಡುವ ನಟ್ಟಿಯಲ್ಲಿ ದಿನವಿಡೀ ಬಗ್ಗಿದವಳು ಹಾಲಮ್ಮ. ಸೌದೆ ಕಳಿಸುವವರ ಮನೆಯಲ್ಲಿ ಬತ್ತ ಕೇರಿ ಚೀಲ ತುಂಬಿದವಳು ಹಾಲಮ್ಮ. ಇನ್ನೊಂದು ಮನೆಯಲ್ಲಿ ಮುದುಕಿಯ ಹಾಸಿಗೆ ಒಗೆದವಳೂ ಅವಳೇ.

"ನನಗ ಒಂದು ಮಾತು ಹೇಳ್ಲಿಲ್ಲ" ಎಂದೆ.

"ಹೇಳಿದ್ರೆ ನೀವು ತಿಂತಿದ್ರಾ?" ಎಂದರು. ತಂಬಿಗೆಯನ್ನು ಹೊಸ್ತಿಲ ಮೇಲಿಟ್ಟು ಹೋದರು.

ನಾನು ಅಂಚೆ ಕಚೇರಿಯಲ್ಲಿ ಇಟ್ಟದ್ದು ನನ್ನ ಪಿಂಚಣಿಯಲ್ಲ. ಅದು ಅವಳ ಸೊಂಟದ ನೋವು.

ಅಂದಿನಿಂದ ಉಣ್ಣುವುದು ಬೇರೆಯಾಯಿತು. ಹರಿವೆ ಸೊಪ್ಪಿನ ಪಲ್ಯ ತಟ್ಟೆಗೆ ಬಂದರೆ ಅದು ಅವಳು ಯಾವ ದಿನ ಎಲ್ಲಿ ಬಗ್ಗಿದ್ದರ ಫಲವೋ ಎಂದು ನೋಡುತ್ತ ಕೂರುತ್ತಿದ್ದೆ. ನಿಧಾನವಾಗಿ ಉಣ್ಣುತ್ತಿದ್ದೆ. ಒಂದು ಮೆಣಸಿನಕಾಯಿಯನ್ನೂ ಬಿಸಾಡುತ್ತಿರಲಿಲ್ಲ. ಅವಳು ಇನ್ನೂ ನನಗೆ ಬಡಿಸುತ್ತಿದ್ದಾಳೆ ಎಂಬ ಸಮಾಧಾನ ಒಂದು ಕಡೆ. ಇದು ಯಾವತ್ತು ಮುಗಿಯುವುದೋ ಎಂಬ ಹೆದರಿಕೆ ಇನ್ನೊಂದು ಕಡೆ. ಯಾರ ಮನೆಯದು ಎಷ್ಟು ಉಳಿದಿದೆ ಎಂದು ಕೇಳುವ ಹಾಗಿಲ್ಲ. ಇಲ್ಲಿ ಅದನ್ನು ಬಾಯಲ್ಲಿ ಎಣಿಸುವುದಿಲ್ಲ.

ತೀರಿಸೋಣವೆಂದು ಶಿಕಾರಿಪುರದಿಂದ ಸಕ್ಕರೆ, ಚಹಾಪುಡಿ ತಂದು ದ್ಯಾವಮ್ಮನ ಮನೆಗೆ ಒಯ್ದೆ. "ಎಂತ ಭಾವ, ಬೀಗರ ಮನೆಗೆ ಬಂದಂಗೆ ಪೊಟ್ಟಣ ಹಿಡ್ಕೊಂಡು?" ಎಂದು ನಕ್ಕು ಅದರಲ್ಲೇ ಚಹಾ ಮಾಡಿ ನನಗೇ ಕುಡಿಸಿದರು.

"ಹಾಗಾದ್ರ ನನಗೂ ಏನಾರ ಕೆಲಸ ಹೇಳ್ರೀ."

ಅವರ ನಗು ನಿಂತಿತು. "ನಿಮಗಾ? ಊರ ಅಳಿಯಂದ್ರು ನೀವು. ಅಳಿಯನ್ನ ಮುಯ್ಯಾಳಿಗೆ ಕರೆದ್ರು ಅಂದ್ರೆ ಜನ ನಮ್ಮ ಮುಖಕ್ಕೆ ಉಗಿತಾರೆ."

ಅಲ್ಲಿಗೆ ದಾರಿ ಮುಚ್ಚಿತು. ನಾಲ್ಕು ಜನರ ಬಾಯಲ್ಲಿ ಅಳಿಯ ಅನ್ನಿಸಿಕೊಂಡು ಹೆಮ್ಮೆಪಟ್ಟಿದ್ದೆನಲ್ಲ, ಅದೇ ನನ್ನನ್ನು ಜಗಲಿಯಿಂದ ಇಳಿಯದ ಹಾಗೆ ಮಾಡಿತ್ತು. ಅವಳ ದುಡಿಮೆ ಮುಗಿದ ಮೇಲೂ ತಿಂದರೆ ಅದು ಭಿಕ್ಷೆ. ಎಲ್ಲವನ್ನೂ ಕೊಂಡು ತಿನ್ನೋಣವೆಂದರೆ ಇಲ್ಲಿ ಮಾರುವವರಿಲ್ಲ. ಪೇಟೆಗೆ ಮರಳಿ ಬಾಡಿಗೆ ಕಟ್ಟಲು ಪಿಂಚಣಿ ಸಾಲದು. ಯುಗಾದಿ ಕಳೆದು ಬರುತ್ತೇನೆ ಎಂದು ಹರಿಹರಕ್ಕೆ ಹೇಳಿಕಳಿಸಿದೆ. ಟ್ರಂಕು ಹೊರಗೆಳೆದು ಒರೆಸಿದೆ. ಅವಳ ಸೀರೆಗಳನ್ನು ಯಾರಿಗೆ ಕೊಡಬೇಕೆಂದು ತಿಳಿಯದೆ ಮತ್ತೆ ಅದರಲ್ಲೇ ಇಟ್ಟೆ.

ಸುದ್ದಿ ದ್ಯಾವಮ್ಮನಿಗೆ ಹೇಗೋ ಮುಟ್ಟಿತು. ಸಂಜೆ ಬಂದರು. ಕೈಯಲ್ಲಿ ಏನೂ ಇರಲಿಲ್ಲ.

"ಹೋಗ್ತೀರಂತೆ."

"ಹೌದ್ರೀ."

"ಹಾಲಕ್ಕನ್ನ ಇಲ್ಲಿ ಬಿಟ್ಟು."

ನಾನು ಟ್ರಂಕಿನ ಮುಚ್ಚಳ ಮುಚ್ಚಿದೆ. ಅವರು ಅಂಗಳಕ್ಕಿಳಿದರು. ಹೋಗುವಾಗ ಬೆನ್ನು ತಿರುಗಿಸಿಯೇ ಹೇಳಿದರು.

"ನಾಳೆ ಶುಂಠಿ ಬೀಜ ಮುರಿಯಕ್ಕೆ ಒಂದಾಳು ಕಮ್ಮಿ ಐತೆ. ಕೂತು ಮಾಡೋ ಕೆಲ್ಸ. ಬರಂಗಿದ್ರೆ ಬನ್ನಿ ಭಾವ."

ಅಳಿಯನನ್ನು ಕರೆದಿದ್ದರು. ಊರು ಏನನ್ನುತ್ತದೆ ಎಂಬುದನ್ನು ನುಂಗಿಕೊಂಡು ಕರೆದಿದ್ದರು. ನನ್ನ ಎದೆ ಹಗುರಾಯಿತು. ಆಮೇಲೆ ಇನ್ನೊಂದು ಅರ್ಥವೂ ಹೊಳೆಯಿತು. ಹಾಲಮ್ಮನ ಮುಯ್ಯಿ ಇನ್ನೂ ಬಾಕಿಯಿದ್ದರೆ ದ್ಯಾವಮ್ಮ ನನ್ನನ್ನು ಕರೆಯುತ್ತಿರಲಿಲ್ಲ.

ಬೆಳಿಗ್ಗೆ ಹೋದೆ. ಕಣದಲ್ಲಿ ಚಪ್ಪರದ ಕೆಳಗೆ ಹೆಂಗಸರ ಸಾಲು. ದೊಡ್ಡ ಶುಂಠಿ ಗೆಡ್ಡೆಯನ್ನು ತುಂಡು ಮಾಡಬೇಕು, ಪ್ರತಿ ತುಂಡಿನಲ್ಲಿ ಮೊಳಕೆಯ ಕಣ್ಣು ಉಳಿಯಬೇಕು. ನಾನು ಮುರಿದ ಮೊದಲ ತುಂಡನ್ನು ಒಬ್ಬ ಹೆಂಗಸು ಎತ್ತಿ ಎಲ್ಲರಿಗೂ ತೋರಿಸಿದಳು.

"ಇದ್ರ ಕಣ್ಣು ಎಲ್ಲೈತೆ ಭಾವ? ಕಚೇರೀಲಿ ಬಿಟ್ಟು ಬಂದ್ರಾ?"

"ಸುಮ್ನಿರೇ, ಅವ್ರಿಗೆ ಸೀಲು ಹೊಡ್ದು ಅಭ್ಯಾಸ" ಎಂದಳು ಇನ್ನೊಬ್ಬಳು.

ನಾನೂ ನಕ್ಕೆ. ಹಾಲಮ್ಮ ಹೋದ ಮೇಲೆ ಮೊದಲ ಸಲ. ನನಗೆ ಮೊದಲೇ ಒಂದು ಮಣೆ ಹಾಕಿಟ್ಟಿದ್ದರು. ಅದರ ಮೇಲೆ ಮೊದಲು ಯಾರು ಕೂರುತ್ತಿದ್ದರೆಂದು ಯಾರೂ ಹೇಳಲಿಲ್ಲ, ನಾನು ಕೇಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಉರಿಯತೊಡಗಿದವು. ಇಳಿಹೊತ್ತು ಎದ್ದಾಗ ಸೊಂಟ ನೆಟ್ಟಗಾಗಲು ಗೋಡೆ ಹಿಡಿಯಬೇಕಾಯಿತು. ದ್ಯಾವಮ್ಮ ಕೂಲಿಯ ಮಾತೆತ್ತಲಿಲ್ಲ. "ಮಳೆಗೆ ಮುಂಚೆ ನಿಮ್ಮನೆ ಹೆಂಚು ಸರಿ ಮಾಡ್ಬೇಕಲ್ಲ, ನಮ್ಮ ಗಣಪತಿ ಯಾವತ್ತು ಬರ್ಬೇಕು ಹೇಳಿ" ಎಂದರು. ಗಣಪತಿ ಅವರ ಮಗ. ಇದು ನನ್ನ ಮುಯ್ಯಿ. ಸೋಮವಾರ ಬರಲಿ ಎಂದೆ.

ಹರಿಹರಕ್ಕೆ ಹೋಗಲಿಲ್ಲ. ತಿಂಗಳಿಗೊಮ್ಮೆ ಶಿಕಾರಿಪುರಕ್ಕೆ ಹೋದರೆ ನಮ್ಮ ಓಣಿಯವರು "ಯಾವಾಗ ಬಂದ್ರಿ ಊರಿಗೆ?" ಎನ್ನುತ್ತಾರೆ. ಸಂಜೆ ಬಸ್ಸಿಳಿದರೆ ಇಲ್ಲಿಯವರೂ ಅದನ್ನೇ ಕೇಳುತ್ತಾರೆ. ಇಬ್ಬರಿಗೂ "ಈಗ" ಎನ್ನುತ್ತೇನೆ. ಅಲ್ಲಿ ನಮ್ಮ ಬಾಡಿಗೆ ಮನೆಯಲ್ಲಿ ಬೇರೆಯವರಿದ್ದಾರೆ. ಇಲ್ಲಿ ನನ್ನ ಕೈ ನಡೆಯುವವರೆಗೆ ನನಗೆ ಅನ್ನವಿದೆ.

ಶುಂಠಿ ಮುರಿದ ಆ ರಾತ್ರಿ ಅನ್ನ ಕಲಸಿದರೆ ಕೈ ಉರಿ ತಡೆಯಲಾಗಲಿಲ್ಲ. ಚಮಚದಲ್ಲಿ ಉಂಡೆ. ಉಣ್ಣುತ್ತ ನೆನಪು ಮಾಡಿಕೊಳ್ಳಲು ನೋಡಿದೆ: ಅವಳ ದುಡಿಮೆಯ ಕೊನೆಯ ಊಟ ಯಾವುದಿತ್ತು? ಮಂಗಳವಾರದ ಮಜ್ಜಿಗೆಯೋ, ಅದಕ್ಕೂ ಹಿಂದಿನ ಬಸಳೆಯೋ? ಯಾರೂ ಹೇಳಿರಲಿಲ್ಲ. ಅದೇ ಕೊನೆಯದೆಂದು ತಿಳಿದಿದ್ದರೆ ಒಂದು ತುತ್ತನ್ನಾದರೂ ಮುಗಿಸದೆ ತಟ್ಟೆಯಲ್ಲಿ ಬಿಡುತ್ತಿದ್ದೆ.