ಬಸರೀಕಟ್ಟೆಗೆ ದಾರಿ ಯಾರ ಮೂಲಕ

ಈ ವರ್ಷ ರೂಟಿಂಗ್ ಪಾಠ ಮಾಡುವಾಗ ಬೋರ್ಡಿನ ಮೇಲೆ ಊರುಗಳ ಹೆಸರು ಬರೆಯಲಿಲ್ಲ. ನಾಲ್ಕು ವೃತ್ತ ಹಾಕಿ, ಎ, ಬಿ, ಸಿ, ಡಿ ಎಂದು ಬರೆದು ನಡುವೆ ಗೆರೆ ಎಳೆದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ಸೀನಿಯರ್ಸ್ ನೋಟ್ಸಲ್ಲಿ ಕೊಪ್ಪ, ಶೃಂಗೇರಿ ಅಂತೆಲ್ಲ ಇದೆ. ಅದನ್ನೇ ಹಾಕಿ ಮೇಡಂ, ಬೇಗ ತಲೆಗೆ ಹೋಗ್ತದೆ" ಅಂದಳು. "ಪರೀಕ್ಷೆಯಲ್ಲಿ ಎ, ಬಿ, ಸಿ, ಡಿ ಅಂತಲೇ ಕೇಳೋದು. ಸುಮ್ಮನೆ ಬರ್ಕೋ" ಎಂದು ಗದರಿದೆ. ಅವಳ ಮುಖ ಸಪ್ಪಗಾಯಿತು. ನನ್ನ ಸಿಟ್ಟು ಅವಳ ಮೇಲಿನದಲ್ಲ ಎಂದು ಅವಳಿಗೆ ಹೇಗೆ ಗೊತ್ತಾಗಬೇಕು?

ಕೊಪ್ಪದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿ. ಇಷ್ಟು ಕಾಲ ಬೀಡುಬಿಟ್ಟ ಅತಿಥಿಯನ್ನು ಯಾವ ಮನೆಯವರೂ ಸಹಿಸಲಾರರು. ವಿಶ್ವವಿದ್ಯಾಲಯದ ಪಠ್ಯದ ಪ್ರಕಾರ ಬಿಸಿಎ ಐದನೇ ಸೆಮಿಸ್ಟರಿಗೆ ಕಂಪ್ಯೂಟರ್ ನೆಟ್‌ವರ್ಕ್ ನನ್ನ ಪೇಪರು. ಅದರಲ್ಲಿ ರೂಟಿಂಗ್ ಒಂದು ದೊಡ್ಡ ಭಾಗ. ಒಂದು ಕಂಪ್ಯೂಟರಿನಿಂದ ಹೊರಟ ಸಂದೇಶ ಇನ್ನೊಂದನ್ನು ಮುಟ್ಟಲು ಯಾವ ದಾರಿ ಹಿಡಿಯಬೇಕು ಎಂದು ನಡುವಿನ ಯಂತ್ರಗಳು ತೀರ್ಮಾನಿಸುವ ಬಗೆ ಅದು. ಎರಡು ವರ್ಷದ ಹಿಂದೆ, ಆ ಪಾಠ ಮಾಡಿದ ವಾರದಲ್ಲೇ ನನ್ನ ಅಣ್ಣ ತೀರಿಕೊಂಡ. ತೀರಿಕೊಂಡ ಅನ್ನುವುದು ಮರ್ಯಾದೆಯ ಮಾತು. ಬಸರೀಕಟ್ಟೆಯ ಹತ್ತಿರ ಒಂದು ಕೋಣೆಯಲ್ಲಿ, ಎರಡು ದಿನ ನೆಲದ ಮೇಲೆ ಬಿದ್ದುಕೊಂಡಿದ್ದು ಸತ್ತ. ಆ ಎರಡು ದಿನವೂ ನಾವು, ಅವನಿಗೆ ಇದ್ದ ಮೂವರು ಹತ್ತಿರದವರು, ಅವನು ಆರಾಮಾಗಿದ್ದಾನೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೆವು.

ಅಣ್ಣ ಎಸ್ಟೇಟಿಗೆ ಆಳುಗಳನ್ನು ಸಾಗಿಸುವ ಜೀಪಿನ ಡ್ರೈವರ್. ಮದುವೆಯಾಗಲಿಲ್ಲ. ಎಂಟನೇ ಕ್ಲಾಸಿಗೆ ಓದು ಬಿಟ್ಟವನು, ನನ್ನನ್ನು ಮಾತ್ರ ಎಂಸಿಎ ಮುಗಿಯುವವರೆಗೆ ಬಿಡಲಿಲ್ಲ. ಅವನು ಸಾಯುವ ಹಿಂದಿನ ಜೂನಿನಲ್ಲಿ, ಕಾಲೇಜಿನಲ್ಲಿ ಅಡ್ಮಿಷನ್ ನಡೆಯುತ್ತಿದ್ದಾಗ, ಜೀಪನ್ನು ಸೀದಾ ಅಂಗಳಕ್ಕೆ ತಂದು ನಿಲ್ಲಿಸಿದ. ಹಿಂದೆ ಆಳುಗಳು ಒತ್ತಿಕೊಂಡು ಕೂತಿದ್ದರು. ಎರಡು ಸಲ ಹಾರ್ನ್ ಹೊಡೆದು, ಮನೆಯಲ್ಲಿ ಕರೆಯುವ ಹೆಸರು ಹಿಡಿದು ಕೂಗಿ, "ಬಾರೇ ಇಲ್ಲಿ, ಬಕ್ಕೆ ಹಲಸು ತಂದಿದೀನಿ" ಅಂದ. ಪ್ರಿನ್ಸಿಪಾಲರ ಪಕ್ಕ ನಿಂತಿದ್ದ ನನಗೆ ಮೈ ಹಿಡಿಯಷ್ಟಾಯಿತು. "ಇದೇನು ಎಸ್ಟೇಟ್ ಅಂದ್ಕೊಂಡ್ಯಾ? ಇಲ್ಲಿಗೆಲ್ಲ ಬರಬೇಡ, ಹೋಗು" ಅಂದೆ, ಆ ಆಳುಗಳೆಲ್ಲ ಕೇಳುವ ಹಾಗೆ. ಅವನು ಹಣ್ಣನ್ನು ಗೇಟಿನ ಹತ್ತಿರ ಇಳಿಸಿ ಹೋದ. ವಾಚ್‌ಮನ್ ಅದನ್ನು ಮನೆಗೆ ಒಯ್ದು, ಬಹಳ ಸಿಹಿ ಇತ್ತು ಎಂದು ಮರುದಿನ ನನಗೇ ವರದಿ ಒಪ್ಪಿಸಿದ.

ಅಲ್ಲಿಂದ ಮಾತು ನಿಂತಿತು. ತಪ್ಪು ನನ್ನದು ಎಂದು ಗೊತ್ತಿತ್ತು. ಮೊದಲು ಅವನೇ ಫೋನ್ ಮಾಡಲಿ ಎಂಬ ಹಠವೂ ಅಷ್ಟೇ ಇತ್ತು. ಹಾಗೆಂದು ಅವನ ಸುದ್ದಿ ಬೇಡವಾಗಿತ್ತೇ? ಬೇಕಿತ್ತು, ಆದರೆ ಬೇರೆಯವರ ಬಾಯಿಂದ. ಶೃಂಗೇರಿಯಲ್ಲಿ ನಮ್ಮ ಸೋದರಮಾವ ಸಣ್ಣದೊಂದು ಹೋಟೆಲು ಇಟ್ಟಿದ್ದಾರೆ. ಅಣ್ಣ ಪ್ರತಿ ಭಾನುವಾರ ಅಲ್ಲಿಗೆ ಊಟಕ್ಕೆ ಹೋಗುತ್ತಿದ್ದ. ಅವನು ಬಂದು ಹೋದದ್ದನ್ನು ಮಾವ ಎನ್.ಆರ್.ಪುರದಲ್ಲಿರುವ ಅಕ್ಕನಿಗೆ ಹೇಳುವರು, ಅಕ್ಕ ನನಗೆ ಹೇಳುವಳು. ಕೊಪ್ಪದಿಂದ ಬಸರೀಕಟ್ಟೆಗೆ ನೇರ ಬಸ್ಸಿದೆ. ನನ್ನ ಅಣ್ಣನ ಸುದ್ದಿ ಮಾತ್ರ ಶೃಂಗೇರಿಗೆ ಹೋಗಿ, ಎನ್.ಆರ್.ಪುರ ಸುತ್ತಿ ನನ್ನ ಹತ್ತಿರ ಬರುತ್ತಿತ್ತು.

ಜನವರಿ ತಿಂಗಳು, ಸಂಕ್ರಾಂತಿಯ ವಾರ. ಶನಿವಾರ ಸಂಜೆ ಅಕ್ಕ ಫೋನ್ ಮಾಡಿ ಅದೂ ಇದೂ ಮಾತಾಡಿ, "ಅಣ್ಣ ಹ್ಯಾಗಿದಾನೇ?" ಎಂದು ಕೇಳಿದಳು. "ಆರಾಮಿದಾನೆ" ಅಂದೆ. ನನಗೆ ಗೊತ್ತಿದ್ದದ್ದು ಹಿಂದಿನ ವಾರ ಅಕ್ಕನೇ ಹೇಳಿದ ಸುದ್ದಿ. ಅವಳು ಕೊಟ್ಟದ್ದನ್ನೇ ಅವಳಿಗೆ ವಾಪಸು ಕೊಟ್ಟಿದ್ದೆ, ಅದೂ ಮಾತು ಮುಗಿಸುವ ಆತುರಕ್ಕೆ. ಅಕ್ಕ ಮಾತ್ರ ನಾನು ಅಣ್ಣನ ಜೊತೆ ಮಾತಾಡಿದೆನೆಂದೇ ತಿಳಿದಳು. ಅಂತೂ ಇಬ್ಬರೂ ರಾಜಿಯಾದರಲ್ಲ ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳಂತೆ.

ಭಾನುವಾರ ಅಣ್ಣ ಊಟಕ್ಕೆ ಬರಲಿಲ್ಲ. ಮಾವ ಅಕ್ಕನಿಗೆ ಫೋನ್ ಮಾಡಿ, "ಎಂತ ಮಾರಾಯ್ತಿ, ಇವತ್ತು ಇವ ಬರ್ಲೇ ಇಲ್ವಲ್ಲ?" ಅಂದರು. "ತಂಗಿ ಹತ್ರ ಮಾತಾಡಿದಾನೆ ಮಾವ, ಆರಾಮಿದಾನಂತೆ. ಹಬ್ಬಕ್ಕೆ ಕೊಪ್ಪಕ್ಕೇ ಹೋಗಿರ್ಬೇಕು ಬಿಡಿ" ಎಂದಳು ಅಕ್ಕ. ಮಾವ ಬಿಟ್ಟರು. ಅವನಿಗೆಂದು ತೆಗೆದಿಟ್ಟಿದ್ದ ಊಟವನ್ನು ಬೇರೆ ಯಾರಿಗೋ ಬಡಿಸಿದರು.

ಸೋಮವಾರ ನನ್ನ ಕ್ಲಾಸು. ನಾನು ಯಾವಾಗಲೂ ಸುತ್ತಲಿನ ಊರುಗಳನ್ನೇ ಉದಾಹರಣೆಗೆ ಹಾಕುತ್ತಿದ್ದೆ. ಒಂದೊಂದು ವರ್ಷ ಹರಿಹರಪುರ, ಬಾಳೆಹೊನ್ನೂರು ಬರುತ್ತಿದ್ದವು. ಆ ದಿನ ಕೈ ತಾನಾಗಿ ಬರೆದದ್ದು ಬಸರೀಕಟ್ಟೆ, ಶೃಂಗೇರಿ, ಎನ್.ಆರ್.ಪುರ, ಕೊಪ್ಪ, ಒಂದರ ಪಕ್ಕ ಒಂದು, ಸಾಲಾಗಿ. "ಎನ್.ಆರ್.ಪುರದ ಮೇಲೆ ಹೋದ್ರೆ ಕೊಪ್ಪದಿಂದ ಬಸರೀಕಟ್ಟೆ ಮುಟ್ಟೋದು ಯಾವಾಗ ಮೇಡಂ?" ಎಂದು ಒಬ್ಬ ನಗೆಯಾಡಿದ. "ಇದು ಬಸ್ಸಿನ ರೂಟಲ್ಲ ಮಾರಾಯ, ಸುಮ್ಮನೆ ಕೂತ್ಕೋ" ಅಂದೆ.

ಒಂದೊಂದು ಊರೂ ಒಂದು ರೂಟರು, ನಡುವೆ ನಿಂತು ದಾರಿ ತೋರುವ ಯಂತ್ರ, ಅದಕ್ಕೆ ಇಡೀ ನಕ್ಷೆ ಗೊತ್ತಿರುವುದಿಲ್ಲ ಎಂದು ಶುರು ಮಾಡಿದೆ. ಪಕ್ಕದವರು ಹೇಳಿದ್ದನ್ನು ನಂಬಿ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ: ಇಂಥ ಊರಿಗೆ ಇಂಥವರ ಮೂಲಕ, ಇಷ್ಟು ದೂರ. ಅರ್ಧ ನಿಮಿಷಕ್ಕೊಮ್ಮೆ ಆ ಪಟ್ಟಿಯನ್ನು ಪಕ್ಕದವರಿಗೆ ಒಪ್ಪಿಸುತ್ತದೆ. ಆಮೇಲೆ ಡಸ್ಟರ್ ತೆಗೆದುಕೊಂಡು ಬಸರೀಕಟ್ಟೆಗೂ ಶೃಂಗೇರಿಗೂ ನಡುವಿನ ಗೆರೆ ಅಳಿಸಿದೆ. ಈಗ ಶೃಂಗೇರಿಗೆ ಬಸರೀಕಟ್ಟೆ ಸಿಗುತ್ತಿಲ್ಲ. ಅಷ್ಟರಲ್ಲಿ ಎನ್.ಆರ್.ಪುರ, ನನಗೆ ದಾರಿ ಗೊತ್ತು, ಎರಡೇ ಹೆಜ್ಜೆ ಅನ್ನುತ್ತದೆ. ಆ ದಾರಿ ತನ್ನ ಮೂಲಕವೇ ಹಾದುಹೋಗುವ ದಾರಿ ಎಂಬುದು ಶೃಂಗೇರಿಗೆ ತಿಳಿಯದು. ನಂಬಿ, ಮೂರು ಎಂದು ಬರೆದುಕೊಳ್ಳುತ್ತದೆ. ಅದನ್ನು ಕೇಳಿದ ಎನ್.ಆರ್.ಪುರ ನಾಲ್ಕು ಅನ್ನುತ್ತದೆ. ಹೀಗೆ ಎಣಿಕೆ ಏರುತ್ತ ಹೋಗುತ್ತದೆ, ಊರು ಇದ್ದೇ ಇದೆ ಎಂಬ ಸುದ್ದಿ ಅಲ್ಲಲ್ಲೇ ಸುತ್ತುತ್ತಿರುತ್ತದೆ. ಹದಿನಾರು ಮುಟ್ಟಿದ ಮೇಲೆಯೇ ಎಲ್ಲರೂ ಒಪ್ಪಿಕೊಳ್ಳುವುದು, ಅದನ್ನು ಇನ್ನು ತಲುಪಲಾಗದು ಎಂದು.

"ಅಲ್ಲಿ ತನಕ ಬಸರೀಕಟ್ಟೆ ಸತ್ತಿದ್ದು ಯಾರಿಗೂ ಗೊತ್ತೇ ಆಗಲ್ವ ಮೇಡಂ?" ಎಂದು ಮೊದಲು ನಗೆಯಾಡಿದವನೇ ಕೇಳಿದ. ಕ್ಲಾಸು ನಕ್ಕಿತು. ನಾನೂ ನಕ್ಕೆ. ಮುಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬಂತು: "ಇಲ್ಲಿ ಯಾರೂ ಸುಳ್ಳು ಹೇಳ್ತಿಲ್ವಲ್ಲ ಮೇಡಂ, ಮತ್ತೆ ತಪ್ಪು ಯಾರದ್ದು?" ಯಾರದ್ದೂ ಅಲ್ಲ, ಪದ್ಧತಿಯದ್ದು ಎಂದೆ. ಇದಕ್ಕೊಂದು ಪರಿಹಾರವಿದೆ, ಯಾರಿಂದ ಕೇಳಿದೆಯೋ ಅವರಿಗೇ ಅದನ್ನು ತಿರುಗಿ ಹೇಳಬಾರದು, ಅಷ್ಟೇ. ವಿವರ ನಾಳೆ ನೋಡೋಣ ಎಂದು ಪುಸ್ತಕ ಮುಚ್ಚಿದೆ. ಯಾರದ್ದೂ ಅಲ್ಲ ಎಂದ ಆ ಉತ್ತರವನ್ನು ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಆ ಹೊತ್ತಿಗೆ ಅಣ್ಣನಿಗೆ ಇನ್ನೂ ಜೀವವಿತ್ತು. ಬಲಗಡೆ ಲಕ್ವ ಹೊಡೆದದ್ದು ಶನಿವಾರ ರಾತ್ರಿಯೋ ಭಾನುವಾರ ಬೆಳಗ್ಗೆಯೋ ಇರಬೇಕು, ಸೋಮವಾರ ಸಂಜೆಯವರೆಗಾದರೂ ಉಸಿರಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು. ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ಸೋಮವಾರ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅಕ್ಕನ ಫೋನ್ ಬಂತು. "ಮಾವನೂ ಹೇಳಿದ್ರು ಕಣೇ, ಅಣ್ಣ ಕೊಪ್ಪದ ಕಡೆ ಬಂದಿದಾನಂತಲ್ಲ. ಮನೆಗೆ ಬಂದ್ನಾ?" ಅವಳ ಊಹೆಯೇ ಮಾವನ ಹತ್ತಿರ ಹೋಗಿ ಮಾವನ ಮಾತಾಗಿ ಬಂದಿತ್ತು. ನನಗೆ ಹಾಗೆ ಹೊಳೆಯಲಿಲ್ಲ. ಮೈ ಉರಿದುಹೋಯಿತು. ಕೊಪ್ಪಕ್ಕೆ ಬಂದವನು ನನ್ನ ಮನೆಗೆ ಬಾರದೆ ಯಾರ ಮನೆಯಲ್ಲಿ ಕೂತಿದ್ದಾನೆ? ಕೈಯಲ್ಲಿ ಫೋನಿತ್ತು, ಅವನ ನಂಬರು ಬಾಯಿಪಾಠ. "ಬರ್ತಾನೆ ಬಿಡು" ಎಂದು ಅಕ್ಕನಿಗೆ ಹೇಳಿ ಬಸ್ಸು ಹತ್ತಿದೆ. ಮಂಗಳವಾರ ಅದು 'ಬರ್ತಾನಂತೆ' ಎಂದು ಶೃಂಗೇರಿ ಮುಟ್ಟಿತು.

ಬುಧವಾರ ಬೆಳಗ್ಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಜೀಪು ಬೇಕೆಂದು ಅವನ ಕೋಣೆಗೆ ಹೋದರು. ಹಬ್ಬಕ್ಕೆ ಊರಿಗೆ ಹೋಗಿದ್ದ ಆಳುಗಳು ಅಂದು ವಾಪಸು ಬರುವವರಿದ್ದರು. ಅಲ್ಲಿಯವರೆಗೆ ಆ ಕಡೆಯ ಲೈನ್ ಮನೆಗಳೆಲ್ಲ ಖಾಲಿ. ಅವನು ಕೂಗಿದ್ದರೂ ಕೇಳುವವರಿರಲಿಲ್ಲ. ರಸ್ತೆಯಲ್ಲಿ ಹೋಗುವವರು ಬಾಗಿಲಲ್ಲಿ ನಿಂತ ಜೀಪು ನೋಡಿ, ಮನೆಯಲ್ಲಿದ್ದಾನೆ ಅಂದುಕೊಂಡು ಹೋಗಿದ್ದರು. ರೈಟರು ಮಾವನಿಗೆ ಹೇಳಿದರು, ಮಾವ ಅಕ್ಕನಿಗೆ, ಅಕ್ಕ ನನಗೆ. ಸಾವಿನ ಸುದ್ದಿಯೂ ಅದೇ ದಾರಿಯಲ್ಲಿ ಬಂತು. "ಕೊಪ್ಪದಲ್ಲಿದಾನೆ ಅಂದ್ಯಲ್ಲೇ" ಎಂದು ಅಕ್ಕ ನನ್ನನ್ನು ಕೇಳಿದಳು. "ನೀನೇ ಅಲ್ವಾ ಹೇಳಿದ್ದು?" ಎಂದು ನಾನು ಅವಳನ್ನು ಕೇಳಿದೆ.

ಇದನ್ನೆಲ್ಲ ವಿಧಿ ಎಂದವರಿದ್ದಾರೆ. ತಿಥಿಯ ದಿನ ಒಬ್ಬರಲ್ಲ, ಹತ್ತು ಜನ ಹೇಳಿದರು. ನನಗೆ ಅವರನ್ನು ಕಂಡರೆ ಈಗಲೂ ಆಗುವುದಿಲ್ಲ. ಕೊಪ್ಪದಿಂದ ಬಸರೀಕಟ್ಟೆಗೆ ಒಂದು ಗೆರೆ ಇತ್ತು, ಅದನ್ನು ಜೂನಿನಲ್ಲಿ ಕಾಲೇಜಿನ ಅಂಗಳದಲ್ಲಿ ನಿಂತು ಅಳಿಸಿದವಳು ನಾನು. ಇದರಲ್ಲಿ ವಿಧಿಯ ಕೆಲಸ ಏನಿದೆ?

ನಾನು ಹೋಗುವ ಹೊತ್ತಿಗೆ ಅವನನ್ನು ಹೊರಗೆ ಆಂಬುಲೆನ್ಸಿಗೆ ಹಾಕುತ್ತಿದ್ದರು. ಕೋಣೆಯೊಳಗೆ ಅಕ್ಕ, ಮಾವ, ನಾನು ಮೂವರೇ ನಿಂತೆವು. ಚಾಪೆ ಹಾಸಿದ್ದು ಒಂದು ಮೂಲೆಯಲ್ಲಿ, ಅವನು ಸಿಕ್ಕಿದ್ದು ಎದುರು ಗೋಡೆಯ ಕಿಟಕಿಯ ಕೆಳಗೆ. ಅಷ್ಟು ದೂರವನ್ನು ತೆವಳಿಕೊಂಡು ಬಂದಿದ್ದ. ದಾರಿಯಲ್ಲಿ ನೀರಿನ ಕೊಡ ಉರುಳಿತ್ತು. ಕಿಟಕಿಯ ಕೆಳಗೆ ಗೋಡೆಯ ಸುಣ್ಣ ಒಂದು ತೋಳಿನ ಎತ್ತರಕ್ಕೆ ಕೆರೆದುಹೋಗಿತ್ತು. ಅದಕ್ಕೂ ಮೇಲೆ, ಸರಳಿಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅವನ ಬಟನ್ ಫೋನು ನೇತಾಡುತ್ತಿತ್ತು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಫೋನಿಗೆ ಇಂಥದೊಂದು ಜಾಗವಿರುತ್ತದೆ, ಮನೆಯೊಳಗೆ ರೇಂಜ್ ಸಿಗುವ ಒಂದೇ ಒಂದು ಜಾಗ.

ನಾನು ಫೋನ್ ತೆಗೆದು ನೋಡಿದೆ. ಒಂದು ವಾರ ಬಾಳುವ ಬ್ಯಾಟರಿ, ಇನ್ನೂ ಒಂದು ಗೆರೆ ಉಳಿದಿತ್ತು. ಮಿಸ್ಡ್ ಕಾಲ್ ಒಂದೂ ಇರಲಿಲ್ಲ. ಅವನ ವಿಷಯವಾಗಿ ನಾವು ಮೂವರು ಎಷ್ಟು ಸಲ ಮಾತಾಡಿದ್ದೆವೋ ಏನೋ. ಅವನಿಗೆ ಯಾರೂ ಫೋನ್ ಮಾಡಿರಲಿಲ್ಲ.

"ಮಾಡಿದ್ರೂ ಹೋಗ್ತಿರ್ಲಿಲ್ಲ ಮಾರಾಯ್ತಿ" ಅಂದರು ಮಾವ. "ಇಲ್ಲಿ ರೇಂಜ್ ಎಲ್ಲಿರ್ತದೆ?"

ಅಕ್ಕ ನನ್ನ ಮುಖ ನೋಡಿದಳು. ಹೌದು ಅನ್ನಲಿ ಎಂದು ಕಾಯುತ್ತಿದ್ದಳು. ನನಗೂ ಅದನ್ನು ನಂಬಬೇಕಾಗಿತ್ತು. ಅವನ ಫೋನನ್ನು ಮತ್ತೆ ಕೊಟ್ಟೆಯೊಳಗೆ ಇಟ್ಟು, ಹೊರಗೆ ಜೀಪಿನ ಹತ್ತಿರ ಬಂದು, ನನ್ನ ಫೋನಿನಿಂದ ಅವನ ನಂಬರು ಒತ್ತಿದೆ. ಏಳು ತಿಂಗಳಲ್ಲಿ ಮೊದಲ ಸಲ.

ಕೋಣೆಯೊಳಗೆ ಅದು ಕೂಡಲೇ ರಿಂಗ್ ಆಗತೊಡಗಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು, ಮಾವ ಗೋಡೆ ಹಿಡಿದು ಕೂತುಬಿಟ್ಟರು. ಅದು ತಾನಾಗಿ ನಿಲ್ಲುವವರೆಗೂ ಕಟ್ ಮಾಡಲು ನನಗೆ ಕೈ ಬರಲಿಲ್ಲ.