ತೆಂಗಿನ ಗರಿ ಅಡ್ಡ ಐತೆ

ನಮ್ಮೂರು ಕಣಕಟ್ಟೆಯಲ್ಲಿ ಡಿಶ್ ರಿಪೇರಿ ಮಾಡುತ್ತಿದ್ದವರು ಟಿ.ವಿ.ಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಅಂಗಳದಲ್ಲೇ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿ, "ತೆಂಗಿನ ಗರಿ ಅಡ್ಡ ಐತೆ ಕಣ್ರೀ" ಎನ್ನುತ್ತಿದ್ದರು. ನಮ್ಮ ಮನೆಯಲ್ಲೂ ಅದನ್ನೇ ಹೇಳಿದರು.

ಧಾರಾವಾಹಿಯವರ ಮುಖಗಳೆಲ್ಲ ಚೌಕ ಚೌಕವಾಗಿ ಒಡೆಯುತ್ತವೆಂದು ಅಮ್ಮ ಹಿಡಿದ ಹಟಕ್ಕೆ ಸೋತು, ಅಪ್ಪ ಫಲ ಬಿಡುತ್ತಿದ್ದ ತೆಂಗಿನ ಮರವನ್ನೇ ಕಡಿಸಿದರು. ಮೂರನೆಯ ದಿನ ಚಿತ್ರ ಮತ್ತೆ ಒಡೆಯಿತು.

ರಿಪೇರಿಯವರು ಬಂದು ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಬರೀ ಆಕಾಶ.

ಮರದ ಮೋಟಿನ ಮೇಲೆ ಕಾದು ಕೂತಿದ್ದ ಅಪ್ಪ ಕೇಳಿದರು: "ಈಗೇನು ಅಡ್ಡ ಐತೆ, ಹೇಳ್ರೀ."

ರಿಪೇರಿಯವರು ನಿಧಾನವಾಗಿ ಡಿಶ್ಶನ್ನು ಮುಟ್ಟಿ ನೋಡಿದರು.

"ಏನೂ ಇಲ್ಲ. ಅದೇ ತೊಂದ್ರೆ ಕಣ್ರೀ. ನೆರಳಿಲ್ದೆ ಡಿಶ್ಶು ಕಾದೋಗೈತೆ. ಪಕ್ಕದಲ್ಲೊಂದು ತೆಂಗಿನ ಸಸಿ ಹಾಕ್ಸಿ."